ಸೌದೆ ಲೆಕ್ಕ

ಮೊನ್ನೆ ಶಿರಾ ಗೇಟಿನಲ್ಲಿ ಬಸ್ಸಿಗೆ ಕಾದು ಕಾದು ಸಾಕಾಗಿ ಪಕ್ಕದ ಹಳೇ ಹೋಟೆಲ್ಲಿಗೆ ನುಗ್ಗಿದೆ. ತಟ್ಟೆ ಇಡ್ಲಿ ಮುಗಿಸಿ ಕೈ ತೊಳೆಯಲು ಹಿಂದಕ್ಕೆ ಹೋದರೆ, ಗ್ಯಾಸ್ ಒಲೆಗಳ ಪಕ್ಕದಲ್ಲಿ ಇಟ್ಟಿಗೆಯ ಒಂದು ಸೌದೆ ಒಲೆ. ಮೇಲೆ ನೀರಿನ ಹಂಡೆ, ಸೂರು ದಾಟಿದ ಹೊಗೆ ಕೊಳವೆ. ಒಳಗೆ ಹೊಗೆಯೇ ಇಲ್ಲ!

"ಏನ್ ಸಾರ್, ಪರಿಸರ ಕಾಳಜಿನಾ?" ಅಂತ ಗಲ್ಲಾದಲ್ಲಿದ್ದ ಯಜಮಾನರನ್ನು ತಮಾಷೆಗೆ ಕೇಳಿದೆ. "ಅದೆಲ್ಲ ನಮಗ್ಗೊತ್ತಿಲ್ಲಪ್ಪ. ಸೌದೆ ದುಡ್ಡು ಕೊಟ್ಟು ತರ್ತೀವಲ್ಲ" ಅಂದರು.

ಈ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿತ್ತು. ಯಾಕೆಂದರೆ ಇಂಥ ಒಲೆಗಳ ಕಥೆಯಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಹುಟ್ಟುಹಾಕಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಣ ಅನ್ನುವುದು ಉದ್ದೇಶ. ಅವರು ಹುಡುಕಿಕೊಂಡು ಬಂದಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಎಷ್ಟು ಇಂಧನ ಅಂತ ಅಳೆದರು. ಪುರ ಅನ್ನುವ ಪುಟ್ಟ ಹಳ್ಳಿಯ ಒಟ್ಟು ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸೌದೆಯೇ. ವಿದ್ಯುತ್ತು ಲೆಕ್ಕಕ್ಕೇ ಇಲ್ಲದಷ್ಟು!

ಹಾಗಾಗಿ 1980ರ ದಶಕದ ಆರಂಭದಲ್ಲಿ ಬಂದಿದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುತ್ತವೆ. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂತು ಸಂದಿ ಇಲ್ಲದಂತಾಗುತ್ತದೆ. ಬೆಂಕಿಯ ಕೆಳಗೆ ಜಾಲರಿ, ಗಾಳಿಗೆ ಅಳತೆಯ ಕಿಂಡಿ. ಮೊದಲ ಪಾತ್ರೆ ಕಾಯಿಸಿದ ಬಿಸಿ ಗಾಳಿ ಎರಡನೆಯದು, ಮೂರನೆಯದರ ಕೆಳಗೆ ಹಾದು ಕೊಳವೆಯಿಂದ ಹೊರಗೆ. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯ ಹತ್ತನೇ ಒಂದು ಪಾಲು ಪಾತ್ರೆಗೆ ಮುಟ್ಟಿದರೆ ಹೆಚ್ಚು. ಇದರಲ್ಲಿ ಪ್ರಯೋಗಾಲಯದ ಅಳತೆಯಂತೆ ಶೇಕಡಾ 40ರ ಆಸುಪಾಸು.

ಗುಬ್ಬಿ ಕಡೆಯ ನಮ್ಮ ಮನೆಗೂ ಒಂದು ಬಂತು. ನಾಲ್ಕು ವರ್ಷ ಬಾಳಿತಷ್ಟೆ. ಕೊಳವೆಯಲ್ಲಿ ಮಸಿ ಕಟ್ಟಿತು, ಒಲೆ ಬಾಯಿ ಬಿರುಕು ಬಿಟ್ಟಿತು, ಹಾಕಿಹೋದವರು ತಿರುಗಿ ಬರಲಿಲ್ಲ. ಅಪ್ಪ ದುರಸ್ತಿಗೆ ಖರ್ಚು ಮಾಡಲಿಲ್ಲ. ಸೌದೆ ಬಿಟ್ಟಿ ಅಲ್ಲವೇ, ಅವ್ವ ಆಯ್ದು ತರುತ್ತಿದ್ದಳು.

ಹೋಟೆಲ್ಲಿನವರಿಗೆ ಆ ಅನುಕೂಲ ಇಲ್ಲ :-) ಅವರದು ನಗದು ಲೆಕ್ಕ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಟೈಡ್' ಸಂಸ್ಥೆ, ಅದನ್ನು ಬೆಳೆಸಿದ ಸ್ವಾತಿ ಭೋಗ್ಲೆ, ಹಿಡಿದ ದಾರಿ ಇದೇ. ಸುಧಾರಿಸಿದ ಒಲೆಯನ್ನು ಸೌದೆ ಕೊಳ್ಳುವ ಸಣ್ಣ ಉದ್ಯಮಗಳಿಗೆ ಕೊಂಡೊಯ್ದರು: ಅಡಿಕೆ ಬೇಯಿಸುವವರು, ರೇಷ್ಮೆ ನೂಲು ತೆಗೆಯುವವರು, ಹೋಟೆಲ್ಲಿನವರು. 2008ರಲ್ಲಿ ಇದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು.

ಲೆಕ್ಕ ಸುಲಭ. ದಿನಕ್ಕೆ 100 ಕೆಜಿ ಸೌದೆ, ಕೆಜಿಗೆ 6 ರೂಪಾಯಿ ಅಂದುಕೊಳ್ಳಿ. 30 ಕೆಜಿ ಉಳಿದರೂ ತಿಂಗಳಿಗೆ 5,400 ರೂಪಾಯಿ. ಹೊಸ ಒಲೆಗೆ ಮೂವತ್ತು ಸಾವಿರ ಹಾಕಿದರೂ ಆರು ತಿಂಗಳಲ್ಲಿ ಅಸಲು ಕೈಗೆ. ಗ್ಯಾಸಿಗೆ ಬಂದರೂ ಅಷ್ಟೇ: 500 ಲೀಟರ್ ನೀರನ್ನು ಬಿಸಿಲಲ್ಲೇ 60 ಡಿಗ್ರಿಗೆ ತಂದುಕೊಂಡರೆ ದಿನಕ್ಕೆ ಸುಮಾರು ಎರಡೂವರೆ ಕೆಜಿ ಉಳಿತಾಯ. ವಾರಕ್ಕೊಂದು 19 ಕೆಜಿಯ ಸಿಲಿಂಡರ್!

ಕಾರವಾರ ಮೂಲದ ಕಾಮತ್ ಕುಟುಂಬದ ವಿಠಲ ಕಾಮತರು ಮುಂಬೈ ವಿಮಾನ ನಿಲ್ದಾಣದ ಬಳಿ 1997ರಲ್ಲಿ ಆರ್ಕಿಡ್ ತೆರೆದು, ಪರಿಸರಸ್ನೇಹಿ ಪಂಚತಾರಾ ಹೋಟೆಲ್ ಅಂತ ಹೆಸರು ಮಾಡಿದರು. ಅಲ್ಲಿ ಆ ಹೆಸರಿಗೂ ಗಿರಾಕಿ ಬರುತ್ತಾರೆ. ಶಿರಾ ಗೇಟಿನಲ್ಲಿ ಯಾರೂ ಒಲೆ ನೋಡಿ ಇಡ್ಲಿಗೆ ಬರಲ್ಲ. ಉಳಿದ ಸೌದೆಯಷ್ಟೇ ಲಾಭ. ನನಗೆ ಈ ಲೆಕ್ಕದ ಮೇಲೇ ನಂಬಿಕೆ ಜಾಸ್ತಿ.

ಆದರೂ ಮನೆ ತಲುಪಿ ಅವ್ವನಿಗೆ ಹೋಟೆಲ್ ಒಲೆಯ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅಲ್ಲಿ ಒಲೆ ಮುಂದೆ ಕೂತೋನ ಕಣ್ಣು ಉರಿಯಲ್ವೇನೋ?"

ಇಲ್ಲ ಅಂದೆ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಒಳಗೆ ಹೋದಳು.