ಔತಣದ ಹೇಳಿಕೆ: ಕೌಂಡಿನ್ಯರಿಂದ ಉತ್ತಂಗಿಯವರೆಗೆ

ನಮ್ಮ ಕಡೆಯ ಮನೆಗಳಲ್ಲಿ ಮದುವೆಯೋ ಗೃಹಪ್ರವೇಶವೋ ನಡೆಯುವುದಿದ್ದರೆ ಅಚ್ಚು ಹಾಕಿಸಿದ ಕಾಗದವನ್ನು ಅಂಚೆಗೆ ಹಾಕಿದರೆ ಸಾಲದು. ಮನೆಯವರೊಬ್ಬರು ಬಂದು ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ‘ಇಂಥ ದಿನ ಮನೆಮಂದಿಯೆಲ್ಲ ಬರಬೇಕು’ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಅದಕ್ಕೆ ‘ಹೇಳಿಕೆ’ ಎಂದು ಹೆಸರು. ತುಳುವಿನಲ್ಲಿ ಅದು ಲೆಪ್ಪೋಲೆ, ಮಲೆಯಾಳದಲ್ಲಿ ಕ್ಷಣಂ. ಹೇಳಿಕೆಯಿಲ್ಲದ ಮನೆಗೆ ನಾವು ಹೋಗುವವರಲ್ಲ. ಹೇಳಿಕೆ ಬಂದ ಮೇಲೆ ಹೋಗದಿದ್ದರೆ ಅದೂ ಒಂದು ಮನಸ್ತಾಪ.

ಕ್ರೈಸ್ತರ ವೇದಪುಸ್ತಕದಲ್ಲಿ ಲೂಕನು ಬರೆದ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಇಂಥದೇ ಒಂದು ಹೇಳಿಕೆಯ ಕಥೆಯಿದೆ. ಯಜಮಾನನೊಬ್ಬ ದೊಡ್ಡ ಔತಣ ಸಿದ್ಧಪಡಿಸಿ ಆಳನ್ನು ಕಳುಹಿಸುತ್ತಾನೆ. ಮೊದಲು ಹೇಳಿಕೆ ಪಡೆದವರಲ್ಲಿ ಒಬ್ಬನಿಗೆ ಹೊಸದಾಗಿ ಕೊಂಡ ಹೊಲ ನೋಡಬೇಕಾಗಿದೆ, ಇನ್ನೊಬ್ಬನಿಗೆ ಐದು ಜೊತೆ ಎತ್ತುಗಳ ಪರೀಕ್ಷೆ, ಮತ್ತೊಬ್ಬನಿಗೆ ಆಗತಾನೆ ಮದುವೆ. ಆಗ ಯಜಮಾನ ಬೀದಿ ಸಂದಿಗಳಿಂದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತರಿಸುತ್ತಾನೆ. ಆದರೂ ಪಂಕ್ತಿಯಲ್ಲಿ ಜಾಗ ಉಳಿಯುತ್ತದೆ. ಊರ ಹೊರಗಿನ ದಾರಿಗಳಿಗೂ ಬೇಲಿಯ ಬದಿಗಳಿಗೂ ಹೋಗಿ ಬಲವಂತ ಮಾಡಿ ಕರೆದು ತಾ ಎನ್ನುತ್ತಾನೆ. ದೇವರು ಮನುಷ್ಯನನ್ನು ರಕ್ಷಣೆಗೆ ಕರೆಯುವ ರೀತಿ ಇದು ಎಂದು ಕ್ರೈಸ್ತರು ನಂಬುತ್ತಾರೆ. ಕರೆಗೆ ಓಗೊಟ್ಟವನು ಪಂಕ್ತಿಯಲ್ಲಿ ಕುಳಿತು ಉಂಡರೆ ಮುಗಿಯಲಿಲ್ಲ, ಅವನೇ ಇನ್ನು ಹೇಳಿಕೆಯ ಆಳಾಗಬೇಕು. ನಾನು ಆ ಸಭೆಗೆ ಸೇರಿದವನಲ್ಲ. ಆದರೆ ಕಳೆದ ನೂರೆಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಈ ಹೇಳಿಕೆ ನಮ್ಮ ಕರಾವಳಿಯ ಕನ್ನಡದ ಮೇಲೂ ಮನೆಗಳ ಮೇಲೂ ಬಿಟ್ಟುಹೋದ ಗುರುತುಗಳು ಎಲ್ಲರಿಗೂ ಸೇರಿದವು.

ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳಾದ ಸಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಇಂಗ್ಲಿಷರಲ್ಲದ ಮಿಶನರಿಗಳಿಗೆ ಈ ನಾಡಿನಲ್ಲಿ ಕೆಲಸ ಮಾಡಲು ದಾರಿ ತೆರೆದದ್ದು 1833ರ ಕಂಪೆನಿ ಸನದು. ಆಗ ಬೇಕಲ ತಾಲೂಕೆಂದು ಕರೆಯುತ್ತಿದ್ದ ನಮ್ಮ ಕಾಸರಗೋಡು ಸೀಮೆ ಮಂಗಳೂರಿನ ಜಿಲ್ಲೆಗೇ ಸೇರಿತ್ತು. 1956ರ ನವೆಂಬರ್ 1ರವರೆಗೂ ಹಾಗೆಯೇ ಇತ್ತು. ಆದುದರಿಂದ ಈ ಕಥೆ ನಮಗೆ ಗಡಿಯಾಚೆಯ ಕಥೆಯಲ್ಲ.

1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಟ್ಯೂಬಿಂಗನ್ನಿನಲ್ಲಿ ಅವರ ಗೆಳೆಯರಾಗಿದ್ದ ಹೆರ್ಮನ್ ಗುಂಡರ್ಟ್ ತಲಚೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿ 1847ರಲ್ಲಿ ‘ರಾಜ್ಯಸಮಾಚಾರಂ’ ಪತ್ರಿಕೆಯನ್ನೂ 1872ರಲ್ಲಿ ಮಲೆಯಾಳ ನಿಘಂಟನ್ನೂ ಕೊಟ್ಟರು. ಕನ್ನಡಕ್ಕೊಬ್ಬ, ಮಲೆಯಾಳಕ್ಕೊಬ್ಬ, ಇಬ್ಬರೂ ಒಂದೇ ಪಾಠಶಾಲೆಯ ಗೆಳೆಯರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಮರುವರ್ಷ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವರೂ ಗುಂಡರ್ಟರೇ. ಎರಡು ಭಾಷೆಗಳು ಒಂದೇ ಹೊದಿಕೆಯೊಳಗೆ ಬರುವ ಈ ಸಂಚಿಕೆಯಲ್ಲಿ ಇದನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಮಂಗಳೂರಿನಲ್ಲಿ ಮೊದಲ ಹೇಳಿಕೆ ಹೋದದ್ದು ಕಥೆಯಲ್ಲಿ ಹೇಳಿದಂತೆ ಹೊಲ ಎತ್ತು ಇದ್ದವರ ಮನೆಗೇ. ಇಂಗ್ಲಿಷ್ ಶಾಲೆ ತೆರೆದರೆ ಮೇಲ್ಜಾತಿಯ ಹುಡುಗರು ಬರುತ್ತಾರೆ, ಅವರು ಬಂದರೆ ಊರೇ ಬರುತ್ತದೆ ಎಂಬ ಲೆಕ್ಕ. ಹುಡುಗರು ಬಂದರು, ಇಂಗ್ಲಿಷ್ ಕಲಿತರು, ಸರಕಾರಿ ಕೆಲಸ ಹಿಡಿದು ಹೋದರು. ವೇದಪಾಠ ಕಿವಿಯಲ್ಲಿ ಉಳಿದರೂ ಪಂಕ್ತಿಗೆ ಬಂದವರು ತೀರಾ ವಿರಳ. ಆ ವಿರಳರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ, ಅನುಕೂಲಸ್ಥ ಸಾರಸ್ವತ ಬ್ರಾಹ್ಮಣ ಮನೆತನದ ತರುಣ. 1844ರ ಜನವರಿಯಲ್ಲಿ ಅವರೂ ಇನ್ನಿಬ್ಬರು ಬ್ರಾಹ್ಮಣ ವಿದ್ಯಾರ್ಥಿಗಳೂ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಪೇಟೆಯಲ್ಲಿ ದೊಡ್ಡ ಗದ್ದಲವೆದ್ದಿತು.

ಆ ಗದ್ದಲವನ್ನು ಮತಾಂಧತೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಮಗನ ಕೈಯ ನೀರು ಇನ್ನು ಪಿತೃಗಳಿಗೆ ಸಲ್ಲದು, ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಂತಿಲ್ಲ, ಅವನ ತಂಗಿಯರಿಗೆ ಸಂಬಂಧ ಕೂಡಿಬರಲಾರದು ಎನ್ನುವ ಕಾಲ ಅದು. ಹತ್ತೊಂಬತ್ತು ವರ್ಷ ತುಂಬದ ಹುಡುಗ ಒಂದು ಔತಣಕ್ಕೆ ‘ಬಂದೆ’ ಎಂದ ಗಳಿಗೆಗೆ ಹುಟ್ಟಿದ ಮನೆಯ ಅಡುಗೆಮನೆಗೆ ಹೊರಗಿನವನಾದ. ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿ ಅವರೊಡನೆ ಬರಲಿಲ್ಲ. ಲೂಕನ ಕಥೆಯಲ್ಲಿ ಮದುವೆಯ ನೆಪ ಹೇಳಿದವನು ಔತಣ ತಪ್ಪಿಸಿಕೊಂಡ. ಇಲ್ಲಿ ಔತಣಕ್ಕೆ ಹೋದವನು ಸಂಸಾರ ಕಳೆದುಕೊಂಡ. ಕಳೆದುಕೊಂಡವನು ಅವನೊಬ್ಬನೇ ಎನ್ನಲೂ ಬರುವುದಿಲ್ಲ. ಬರಲಾರೆನೆಂದ ಆ ಹೆಣ್ಣುಮಗಳಿಗೆ ಮುಂದೆ ಇನ್ನೊಂದು ಮದುವೆಯ ದಾರಿ ಆ ಕಾಲದ ಕಟ್ಟಳೆಯಲ್ಲಿ ಇರಲಿಲ್ಲ. ಮತ ಬದಲಿಸಿದವರ ಆಸ್ತಿಯ ಹಕ್ಕನ್ನು ಉಳಿಸುವ ಕಾಯಿದೆ 1850ರಲ್ಲೇ ಬಂತು. ಅಂಥವರ ಮದುವೆಯ ತೊಡಕು ಬಿಡಿಸುವ ಕಾಯಿದೆ ಬರಲು 1866ರವರೆಗೆ ಕಾಯಬೇಕಾಯಿತು. ಸರಕಾರಕ್ಕೆ ಮೊದಲು ಕಂಡದ್ದು ಆಸ್ತಿ.

ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರೊಡನೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಮಿಶನ್ನಿನ ಪಾಠಶಾಲೆಯಲ್ಲಿ ಓದಿದರು. 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಬಾಸೆಲ್ ಮಿಶನ್ನಿನಲ್ಲಿ ಆ ದೀಕ್ಷೆ ಪಡೆದ ಮೊದಲ ಭಾರತೀಯ ಅವರು. ಹಿಂದಿರುಗಿ ಬಲ್ಮಠದಲ್ಲಿ ಉಪದೇಶಿಗಳಾಗುವ ಹುಡುಗರಿಗೆ ಪಾಠ ಹೇಳಿದರು. ಮನೆಯ ಮಾತು ಕೊಂಕಣಿ, ಪಾಠದ ಮಾತು ಕನ್ನಡ, ಹುಡುಗರಲ್ಲಿ ಹೆಚ್ಚಿನವರ ಮಾತು ತುಳು, ಮೇಲಧಿಕಾರಿಗಳಿಗೆ ಬರೆಯುವುದು ಜರ್ಮನ್. ನಾಲ್ಕು ಮಾತುಗಳ ನಡುವೆ ದಿನ ಕಳೆಯುವುದೆಂದರೇನೆಂದು ಮಂಜೇಶ್ವರ, ಕುಂಬಳೆಯವರಿಗೆ ನಾನು ವಿವರಿಸಬೇಕಾಗಿಲ್ಲ. 1860ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಮಾರಿ ರೈನ್‌ಹಾರ್ಟ್ ಎಂಬವರನ್ನು ಮದುವೆಯಾದರು. ಆಳುವವರ ಬಣ್ಣದ ಹೆಣ್ಣೊಬ್ಬಳು ಈ ನಾಡಿನ ಪಾದ್ರಿಯ ಕೈಹಿಡಿದು ಬಂದದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

ಅಷ್ಟರಲ್ಲಿ ಪಂಕ್ತಿ ಬೇರೆ ಕಡೆಯಿಂದ ತುಂಬತೊಡಗಿತ್ತು. ಮಂಗಳೂರು, ಮೂಲ್ಕಿಗಳ ಸುತ್ತ ಹೇಳಿಕೆಗೆ ಓಗೊಟ್ಟವರು ಬಹುಪಾಲು ಬಿಲ್ಲವರು. ಅವರಿಗೆ ಅದನ್ನು ಅವರ ಮಾತಿನಲ್ಲೇ ಹೇಳಬೇಕೆಂದು ಗ್ರೈನರ್ 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿಗೆ ತಂದರು. ಅಮ್ಮನ್ ಎಂಬ ಇನ್ನೊಬ್ಬ ಮಿಶನರಿಯೂ ಕೂಡಿ 1847ರಲ್ಲಿ ತುಳು ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕೋರ್ಟು ಕಚೇರಿಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದ ತುಳುವನಿಗೆ ಪುಸ್ತಕವೊಂದು ತನ್ನ ಮಾತನ್ನಾಡಿದಾಗ ಏನನ್ನಿಸಿರಬಹುದು! ಈ ಗಡಿಯಲ್ಲಿ ಮಕ್ಕಳ ಪಾಠಪುಸ್ತಕ ಕನ್ನಡದಲ್ಲಿ ಸಿಗಲೆಂದು ಅರ್ಜಿ ಹಿಡಿದು ಅಲೆದ ತಂದೆತಾಯಿಯರಿಗೆ ಅದು ಅರ್ಥವಾದೀತು.

ಬಂದವರು ಅನ್ನಕ್ಕಾಗಿ ಬಂದರು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಲೆಕ್ಕ ಹಾಕಿದರೆ ಅದು ಹಾಗೆ ಕಾಣುವುದಿಲ್ಲ. ದೀಕ್ಷಾಸ್ನಾನ ಪಡೆದ ಬಿಲ್ಲವ ಶೇಂದಿ ತೆಗೆಯುವ ಕುಲಕಸುಬನ್ನು ಬಿಡಬೇಕಾಗಿತ್ತು. ಮಿಶನ್ನಿನ ಕಟ್ಟಳೆ ಅದು. ಅತ್ತ ಧಣಿ ಗೇಣಿಯ ಗದ್ದೆ ಬಿಡಿಸಿದರೆ ಇತ್ತ ತಾಳೆಮರವೂ ಇಲ್ಲ. ಅನ್ನ ಇದ್ದದ್ದೂ ಹೋಗುವ ಸ್ಥಿತಿ. ಅಂಥವರಿಗೆ ಕೆಲಸ ಕೊಡಬೇಕೆಂದೇ ನೇಯ್ಗೆಯ ಮಗ್ಗಗಳು, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಹುಟ್ಟಿದವು. ನಮ್ಮ ಮಾಡುಗಳ ಮೇಲಿನ ಕೆಂಪು ಹಂಚಿನ ಮೂಲ ಅಲ್ಲಿದೆ. ಆದರೆ ಹೇಳಿಕೆ ಕೊಟ್ಟವರೇ ಸಂಬಳ ಕೊಡುವ ಧಣಿಗಳೂ ಆದಾಗ ಕರೆಯ ಬಣ್ಣ ಸ್ವಲ್ಪ ಬದಲಾಗದೆ ಇರದು. ಭಾನುವಾರ ಆರಾಧನೆಗೆ ಬಾರದವನು ಸೋಮವಾರ ಕಾರ್ಖಾನೆಯ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು? ಮಿಶನ್ನಿನೊಳಗೇ ಈ ಬಗ್ಗೆ ವಾದಗಳು ನಡೆದವು.

ಇನ್ನೊಂದು ಪ್ರಸಂಗದಲ್ಲಿ ಹೇಳಿಕೆಯೇ ತಿರುವುಮುರುವಾಯಿತು. ಮೋಗ್ಲಿಂಗ್ ಕೆಲಸ ಮುಗಿಯಿತೆಂದು ಊರಿಗೆ ಹೊರಡುವ ಯೋಚನೆಯಲ್ಲಿದ್ದಾಗ, 1852ರಲ್ಲಿ, ಕೊಡಗಿನಿಂದ ಅಲಮಂಡ ಸೋಮಯ್ಯ ಎಂಬ ಕೊಡವ ತಾನಾಗಿ ಮಂಗಳೂರಿಗೆ ಇಳಿದುಬಂದ. ಯಾರೂ ಕರೆಯಲು ಹೋಗಿರಲಿಲ್ಲ. 1853ರ ಆರಂಭದಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಮೋಗ್ಲಿಂಗ್ ಪ್ರಯಾಣ ಬಿಟ್ಟು ಅವನ ಹಿಂದೆ ಘಟ್ಟ ಹತ್ತಿದರು. ಆದರೆ ಕೊಡಗಿನಲ್ಲಿ ಕೊನೆಗೆ ಹೆಚ್ಚಾಗಿ ಬಂದು ಸೇರಿದವರು ಜಮೀನು ಉಳ್ಳ ಕೊಡವರಲ್ಲ, ಆ ಜಮೀನಿನಲ್ಲಿ ತಲೆತಲಾಂತರದಿಂದ ಜೀತ ಮಾಡಿದ ಹೊಲೆಯರು. ಅವರಿಗೆ ನಿಲ್ಲಲು ನೆಲವೇ ಇರಲಿಲ್ಲ. ಆಗ ಕೌಂಡಿನ್ಯರು ತಮ್ಮ ಸ್ವಂತ ಹಣ ಹಾಕಿ ದಕ್ಷಿಣ ಕೊಡಗಿನ ಸಿದ್ದಾಪುರದ ಹತ್ತಿರ ಜಮೀನು ಕೊಂಡು ಅವರ ಬೀಡು ಕಟ್ಟಲು ಅನುವು ಮಾಡಿದರು. ಊರಿಗೆ ಅವರದೇ ಹೆಸರು ಬಂತು, ಆನಂದಪುರ. ಆಮೇಲೆ ತಾವೂ ಹೆಂಡತಿಯೊಡನೆ ಅಲ್ಲಿಗೆ ಹೋಗಿ ನೆಲೆಸಿದರು. ಹುಟ್ಟಿದ ಮನೆಯ ಪಂಕ್ತಿಯಿಂದ ಎದ್ದುಹೋದ ಬ್ರಾಹ್ಮಣ, ಬೇಲಿಯ ಬದಿಯಲ್ಲಿದ್ದವರಿಗೆ ಜಾಗ ಮಾಡಿಕೊಟ್ಟು ಅವರ ನಡುವೆ ಕುಳಿತ. ಅವರು ತೀರಿಕೊಂಡದ್ದು 1893ರಲ್ಲಿ.

ಹೇಳಿಕೆಯ ವಿಷಯದಲ್ಲಿ ಧಾಟಿಯ ಪ್ರಶ್ನೆಯೂ ಒಂದಿದೆ. ಹೆಬಿಕ್ 1841ರಲ್ಲಿ ಕಣ್ಣೂರಿಗೆ ಹೋದ ಮೇಲೆ ಜಾತ್ರೆಗಳಿಗೆ ಹೋಗಿ ಜನರ ನಡುವೆ ನಿಂತು ಗಟ್ಟಿಯಾಗಿ ಸಾರುತ್ತಿದ್ದರು. ಕಲ್ಲು ಮಣ್ಣು ಬಿದ್ದರೂ ಕದಲದ ಧೈರ್ಯಶಾಲಿ. ಅವರ ಧೈರ್ಯವನ್ನು ಮೆಚ್ಚುತ್ತೇನೆ, ರೀತಿಯನ್ನಲ್ಲ. ಇನ್ನೊಬ್ಬರ ಮನೆಯ ಸಮಾರಂಭಕ್ಕೆ ಹೋಗಿ ಅವರ ಅಡುಗೆ ಸರಿಯಿಲ್ಲ, ನಮ್ಮಲ್ಲಿಗೆ ಬನ್ನಿ ಎಂದು ಕೂಗಿದರೆ ಯಾರು ತಾನೆ ಸಹಿಸುತ್ತಾರೆ? ಕಥೆಯಲ್ಲಿ ‘ಬಲವಂತ ಮಾಡಿ’ ಎಂದಿದೆಯಲ್ಲ ಎನ್ನಬಹುದು. ಯುರೋಪಿನ ಇತಿಹಾಸದಲ್ಲಿ ಆ ಒಂದು ಪದ ಹಿಡಿದು ಕತ್ತಿ ಎತ್ತಿದವರೂ ಇದ್ದರು. ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ: ಎಲೆಯ ಮುಂದೆ ಸಂಕೋಚಪಡುವ ಅತಿಥಿಗೆ ‘ಇನ್ನೊಂದು ಸೌಟು’ ಎನ್ನುವ ಅಜ್ಜಿಯ ಬಲವಂತ. ಬೇಡವೆಂದವನ ಎಲೆಯ ಮೇಲೆ ಆಕೆ ಸುರಿಯುವುದಿಲ್ಲ.

ಮಿಶನ್ನಿನೊಳಗೇ ಕೆಲವರಿಗೆ ಇದು ಹೊಳೆದಿತ್ತು. ಮೋಗ್ಲಿಂಗ್ ನೀಲಗಿರಿಯ ಕೇತಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ ಜೈಮಿನಿ ಭಾರತ, ಬಸವ ಪುರಾಣಗಳನ್ನು ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳನ್ನು ಕೂಡಿಸಿ ಪ್ರಕಟಿಸಿದರು. ಉಣಬಡಿಸಲು ಬಂದವರು ಈ ನಾಡಿನ ಮನೆಗಳಲ್ಲಿ ಉಂಡೂ ನೋಡಿದರು. ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದರು. ಹೇಳಿಕೆಗೆ ಈ ಮಣ್ಣಿನ ಲಯ ಬೇಕೆಂದು ಅವರಿಗೆ ಅನ್ನಿಸಿತ್ತು.

ಆದರೂ ಅವರೆಲ್ಲ ಹೊರಗಿನಿಂದ ಬಂದವರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿಟ್ಟು ಮುಂದೆ ಹೊರಗೆ ಕಳುಹಿಸಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ದೊರೆಗಳೂ ಇಲ್ಲ, ಕಾರ್ಖಾನೆಯ ಸಂಬಳವೂ ಮಿಶನ್ನಿನದಲ್ಲ. ಇನ್ನು ಹೇಳಿಕೆ ಹೇಳುವುದಿದ್ದರೆ ಈ ನೆಲದವರೇ ಹೇಳಬೇಕು. ಕರಾವಳಿಯಿಂದ ಘಟ್ಟ ಹತ್ತಿ 1837ರಲ್ಲೇ ಮಿಶನ್ ಕಾಲಿಟ್ಟಿದ್ದ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದವರು. 1921ರಲ್ಲಿ ಅವರು ಒಂದು ಪುಸ್ತಕ ಬರೆದರು: ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರನ್ನು ಗಮನಿಸಿ. ಅದು ಅಪ್ಪಣೆಯಲ್ಲ, ಎಚ್ಚರಿಕೆಯಲ್ಲ, ವಿನಂತಿ. ಬನಾರಸವನ್ನು ಕತ್ತಲೆ ಎಂದು ಕರೆಯದೆ, ಮನೆಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತು ಹೇಳಿದ ಮಾತಿನಂತಿದೆ ಆ ಹೆಸರು.

ಅದೇ ಪಾದ್ರಿಗಳು ಹಳ್ಳಿ ಹಳ್ಳಿ ಸುತ್ತಿ, ಓಲೆಗರಿ ಕೈಬರಹಗಳನ್ನು ತಡಕಾಡಿ, ಜನರ ಬಾಯಿಂದ ಕೇಳಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಕ್ರಿಸ್ತನ ಹೇಳಿಕೆ ಹಿಡಿದು ಹೋದ ಮನೆಗಳಿಂದಲೇ ಅವರು ಸರ್ವಜ್ಞನನ್ನು ತಂದದ್ದು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕರೆದರು. ಕಲಬುರ್ಗಿ ನಿಜಾಮನ ಉರ್ದು ಆಡಳಿತದಿಂದ ಹೊರಬಂದು ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕನ್ನಡ ಓದಲು ಬರೆಯಲು ಹೆಣಗಿದ ಆ ಸೀಮೆಯ ಜನ ತಮ್ಮ ಊರಿನ ಸಮ್ಮೇಳನದ ಮೊದಲ ಮಾತು ಕೇಳಿದ್ದು ಈ ಸಭಾಪಾಲಕರ ಬಾಯಿಂದ.