ಅಂಗಡಿಗೆ ಮಾರ್ಕೆಟಿಂಗ್‌ನವರನ್ನು ಗೊತ್ತು ಮಾಡುವ ಮುನ್ನ: ಖಾತೆ ಯಾರ ಹೆಸರಲ್ಲಿ ಅಂತ ಮೊದಲು ಕೇಳಿ

ಗೌರಿ-ಗಣೇಶ ಹಬ್ಬ ಹತ್ತಿರ ಬಂತೆಂದರೆ ತಾಲ್ಲೂಕು ಕೇಂದ್ರದ ಬಟ್ಟೆ, ಚಪ್ಪಲಿ, ಮೊಬೈಲ್, ಫರ್ನಿಚರ್ ಅಂಗಡಿಗಳಿಗೆ ಒಬ್ಬರಲ್ಲ ಒಬ್ಬರು ಬರುತ್ತಾರೆ. ‘ಸರ್, ನಿಮ್ಮ ಅಂಗಡೀನ ಆನ್‌ಲೈನ್‌ಗೆ ತರ್ತೀವಿ, ತಿಂಗಳಿಗೆ ಇಷ್ಟು ಕೊಡಿ ಸಾಕು’ ಎನ್ನುತ್ತಾರೆ. ಇವರಲ್ಲಿ ಕೆಲಸ ಗೊತ್ತಿರುವವರೂ ಇದ್ದಾರೆ, ಮುಂಗಡ ತೆಗೆದುಕೊಂಡು ನಾಲ್ಕು ಪೋಸ್ಟ್ ಹಾಕಿ ಆಮೇಲೆ ಫೋನ್ ಎತ್ತದವರೂ ಇದ್ದಾರೆ. ಮಾತು ಕೇಳಿದರೆ ಇಬ್ಬರೂ ಒಂದೇ ಥರ. ಕೆಲವು ಪ್ರಶ್ನೆ ಕೇಳಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಇದರಲ್ಲಿ ಹೋಗುವುದು ಹಣ ಮಾತ್ರ ಅಲ್ಲ. ಅಂಗಡಿಯ ಫೇಸ್‌ಬುಕ್ ಪೇಜ್, ಗೂಗಲ್ ಮ್ಯಾಪ್‌ನಲ್ಲಿರುವ ಹೆಸರು, ಗ್ರಾಹಕರು ಬರೆದ ರಿವ್ಯೂ ಎಲ್ಲವೂ ಏಜೆಂಟ್‌ನ ಮೇಲ್ ಐಡಿಯಲ್ಲೇ ಇದ್ದರೆ, ಆತ ಕೈಬಿಟ್ಟ ದಿನ ಅಂಗಡಿಯವರ ಕೈಗೆ ಏನೂ ಉಳಿಯುವುದಿಲ್ಲ.

ಮೊದಲು ಬೇಕಾದ್ದೇನು?

‘ಮಾರ್ಕೆಟಿಂಗ್’ ಎಂಬ ಒಂದೇ ಹೆಸರಿನಲ್ಲಿ ಹಲವು ಕೆಲಸ ಸೇರಿಕೊಂಡಿವೆ. ಬೋರ್ಡ್, ಕರಪತ್ರ ಮಾಡುವವರು ಡಿಸೈನರ್. ರೀಲ್ಸ್ ತೆಗೆಯುವವರು ವಿಡಿಯೊದವರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್‌ನಲ್ಲಿ ದುಡ್ಡು ಕಟ್ಟಿ ಜಾಹೀರಾತು ಓಡಿಸುವವರು ಬೇರೆ. ಎಲ್ಲವನ್ನೂ ಒಬ್ಬರೇ ಚೆನ್ನಾಗಿ ಮಾಡುವುದು ಅಪರೂಪ.

ಹೊಸ ಅಂಗಡಿ ಎಲ್ಲಿದೆ ಎಂದೇ ಜನಕ್ಕೆ ಗೊತ್ತಿಲ್ಲದಿದ್ದರೆ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದು ಪೂರ್ತಿ ಉಚಿತ. ವಿಳಾಸ, ಸಮಯ, ಫೋಟೊ, ಫೋನ್ ನಂಬರ್ ಹಾಕಿ ವೆರಿಫೈ ಮಾಡಿಸಿದರೆ ಮ್ಯಾಪ್‌ನಲ್ಲಿ ಕಾಣಿಸುತ್ತದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಅವರೇ ಮಾಡಿಕೊಡಬಹುದು. ವಾಟ್ಸಾಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ, ಅದರಲ್ಲಿ ಸಾಮಾನುಗಳ ಕ್ಯಾಟಲಾಗ್ ಹಾಕಬಹುದು. ಇಷ್ಟು ಮಾಡಿಯೂ ಸಾಲದು ಎನಿಸಿದಾಗ ದುಡ್ಡು ಕೊಟ್ಟು ಜನ ಗೊತ್ತು ಮಾಡುವುದು ಸರಿ.

ಖಾತೆ ಮಾಲೀಕರ ಹೆಸರಲ್ಲೇ ಇರಲಿ

ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಪೇಜ್, ಜಾಹೀರಾತು ಖಾತೆ ಯಾರ ಮೇಲ್ ಐಡಿಯಲ್ಲಿ ಮಾಡ್ತೀರಿ?’ ಅಂಗಡಿಯವರ ಮೇಲ್ ಮತ್ತು ಮೊಬೈಲ್ ನಂಬರಿನಲ್ಲೇ ಮಾಡಿಸಬೇಕು. ಗೂಗಲ್ ಪ್ರೊಫೈಲ್‌ನಲ್ಲಿ ‘ಓನರ್’, ‘ಮ್ಯಾನೇಜರ್’ ಎಂದು ಬೇರೆಬೇರೆ ಹಕ್ಕುಗಳಿವೆ. ಏಜೆಂಟ್‌ಗೆ ಮ್ಯಾನೇಜರ್ ಹಕ್ಕು ಕೊಟ್ಟರೆ ಕೆಲಸಕ್ಕೆ ಸಾಕು. ಫೇಸ್‌ಬುಕ್ ಪೇಜ್‌ನಲ್ಲೂ ಪೂರ್ಣ ಹಿಡಿತ ಕೊಡದೆ, ಬೇಕಾದ ಕೆಲಸಕ್ಕಷ್ಟೇ ಅನುಮತಿ ಕೊಡಲು ಅವಕಾಶವಿದೆ. ಪಾಸ್‌ವರ್ಡ್, ಒಟಿಪಿ ಕೊಡುವ ಅಗತ್ಯವೇ ಬರುವುದಿಲ್ಲ. ‘ನಮ್ಮ ಖಾತೆಯಲ್ಲೇ ಮಾಡ್ತೀವಿ, ನಿಮಗ್ಯಾಕೆ ತಲೆಬಿಸಿ’ ಎನ್ನುವವರಿಂದ ದೂರ ಇರುವುದು ಒಳ್ಳೆಯದು.

ಸರ್ವಿಸ್ ಚಾರ್ಜ್ ಬೇರೆ, ಜಾಹೀರಾತಿನ ದುಡ್ಡು ಬೇರೆ

ತಿಂಗಳಿಗೆ 10,000 ರೂಪಾಯಿ ಎಂದರೆ ಅದರಲ್ಲಿ ಏಜೆಂಟ್‌ನ ಸರ್ವಿಸ್ ಚಾರ್ಜ್ ಎಷ್ಟು, ಕಂಪನಿಗೆ ಜಾಹೀರಾತಿಗೆಂದು ಕಟ್ಟುವುದು ಎಷ್ಟು ಎಂದು ಬಿಡಿಸಿ ಕೇಳಬೇಕು. ಜಾಹೀರಾತಿನ ಹಣವನ್ನು ಅಂಗಡಿಯವರೇ ತಮ್ಮ ಖಾತೆಯಿಂದ ನೇರ ಕಟ್ಟಿದರೆ ರಸೀದಿ ಅವರ ಹೆಸರಿಗೇ ಬರುತ್ತದೆ. ಜಾಹೀರಾತು ಸೇವೆಗೆ ಶೇ 18ರಷ್ಟು ಜಿಎಸ್‌ಟಿ ಇದೆ. ರೆಗ್ಯುಲರ್ ಸ್ಕೀಮ್‌ನಲ್ಲಿ ಜಿಎಸ್‌ಟಿ ಕಟ್ಟುವ ಅಂಗಡಿಯವರು ಸರಿಯಾದ ಬಿಲ್ ಇದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್ ಸ್ಕೀಮ್‌ನವರಿಗೆ ಈ ಅವಕಾಶ ಇಲ್ಲ.

ಲೈಕ್ ಬಂದ್ರೆ ಗಲ್ಲಾ ತುಂಬಲ್ಲ

ಅಂಗಡಿಯವರ ಲೆಕ್ಕ ಲಾಭದ ಮೇಲೆ ಇರಬೇಕು. ಲಾಭ ಶೇ 20 ಇರುವ ವ್ಯಾಪಾರದಲ್ಲಿ 10,000 ರೂಪಾಯಿ ಖರ್ಚು ವಾಪಸ್ ಬರಬೇಕಾದರೆ 50,000 ರೂಪಾಯಿ ಹೆಚ್ಚುವರಿ ವ್ಯಾಪಾರ ಆಗಲೇಬೇಕು. ಶೇ 10 ಲಾಭದ ದಿನಸಿ ವ್ಯಾಪಾರವಾದರೆ 1 ಲಕ್ಷ. ಮೂರು ಸಾವಿರ ಲೈಕ್ ಬೇರೆ ಬೇರೆ ರಾಜ್ಯಗಳಿಂದ ಬಂದರೆ ತಾಲ್ಲೂಕಿನ ಅಂಗಡಿಗೆ ಏನೂ ಉಪಯೋಗವಿಲ್ಲ. ಸುತ್ತಮುತ್ತ 15-20 ಕಿ.ಮೀ. ಒಳಗಿನವರಿಗೆ ಮಾತ್ರ ಜಾಹೀರಾತು ತೋರಿಸುವಂತೆ ಹೇಳಬೇಕು.

ಲೆಕ್ಕ ಇಡುವುದೂ ಕಷ್ಟವಲ್ಲ. ಗಲ್ಲಾದ ಹತ್ತಿರ ಒಂದು ಪುಸ್ತಕ ಇಟ್ಟು, ಹೊಸ ಗಿರಾಕಿ ಬಂದಾಗ ‘ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?’ ಎಂದು ಕೇಳಿ ಬರೆದುಕೊಂಡರಾಯಿತು. ತಿಂಗಳ ಕೊನೆಗೆ ಏಜೆಂಟ್‌ನ ವರದಿ ಪಕ್ಕ ಈ ಪುಸ್ತಕ ಇಟ್ಟು ನೋಡಬೇಕು.

ಹಳೇ ಕೆಲಸ ನೋಡದೆ ಒಪ್ಪಬೇಡಿ

ಏಜೆಂಟ್ ಹೇಳುವ ಎರಡು-ಮೂರು ಅಂಗಡಿಗಳಿಗೆ ಖುದ್ದಾಗಿ ಹೋಗಿ ವಿಚಾರಿಸುವುದು ಉತ್ತಮ. ಆ ಅಂಗಡಿಗಳ ಫೇಸ್‌ಬುಕ್ ಜಾಹೀರಾತು ಈಗ ನಿಜವಾಗಿ ಓಡುತ್ತಿದೆಯೇ ಎಂದು ಮೆಟಾ ಕಂಪನಿಯ ‘ಆ್ಯಡ್ ಲೈಬ್ರರಿ’ಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಲ್ಲಿ ಪೇಜ್ ಹೆಸರು ಹಾಕಿ ಹುಡುಕಿದರೆ ಸಾಕು.

ಈ ಮಾತು ಕೇಳಿದರೆ ಎಚ್ಚರ

* ‘ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ’: ಹುಡುಕಾಟದಲ್ಲಿ ಸಹಜವಾಗಿ ಬರುವ ಸ್ಥಾನವನ್ನು ಗೂಗಲ್ ಮಾರುವುದಿಲ್ಲ. ಯಾರಿಂದಲೂ ಗ್ಯಾರಂಟಿ ಕೊಡಲು ಆಗದು.
* ‘ದುಡ್ಡು ಕಟ್ಟದಿದ್ದರೆ ಮ್ಯಾಪ್‌ನಿಂದ ಹೆಸರು ತೆಗೀತೀವಿ’: ಗೂಗಲ್ ಹೆಸರಿನಲ್ಲಿ ಬರುವ ಇಂಥ ಕರೆ ಮೋಸ.
* ‘ನೂರು ಫೈವ್ ಸ್ಟಾರ್ ರಿವ್ಯೂ ಹಾಕಿಸ್ತೀವಿ’: ಸುಳ್ಳು ರಿವ್ಯೂ ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್‌ಗೇ ಕುತ್ತು ಬರಬಹುದು.
* ‘ಐದು ಸಾವಿರ ನಂಬರ್‌ಗೆ ವಾಟ್ಸಾಪ್ ಕಳಿಸ್ತೀವಿ’: ಗೊತ್ತಿಲ್ಲದವರಿಗೆ ಕಳಿಸಿ ಅವರು ರಿಪೋರ್ಟ್ ಮಾಡಿದರೆ ಅಂಗಡಿಯ ನಂಬರೇ ಬ್ಲಾಕ್ ಆಗಬಹುದು. ಬಲ್ಕ್ ಎಸ್‌ಎಂಎಸ್‌ಗೆ ಟ್ರಾಯ್ ನಿಯಮದಂತೆ ಮೊದಲೇ ನೋಂದಣಿ ಬೇಕು.

ಬೋರ್ಡ್, ಬ್ಯಾನರ್ ವಿಷಯದಲ್ಲೂ ಕಾನೂನು ಗೊತ್ತಿರುವವರು ಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ ಕಾಯ್ದೆ 2024ರಲ್ಲಿ ಬಂದಿದೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ತಪ್ಪಾದರೆ ಉತ್ತರ ಕೊಡಬೇಕಾದವರು ಅಂಗಡಿಯವರೇ.

ಬಾಯಿಮಾತು ಸಾಲದು

ಒಂದು ಪುಟದ ಕರಾರು ಸಾಕು. ತಿಂಗಳಿಗೆ ಎಷ್ಟು ಪೋಸ್ಟ್, ಎಷ್ಟು ವಿಡಿಯೊ, ಸರ್ವಿಸ್ ಚಾರ್ಜ್ ಎಷ್ಟು, ವರದಿ ಯಾವ ತಾರೀಕು, ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಬಿಟ್ಟ ಮೇಲೆ ಫೋಟೊ, ವಿಡಿಯೊ, ಡಿಸೈನ್ ಫೈಲ್ ಯಾರಿಗೆ ಎಂಬುದು ಅದರಲ್ಲಿರಲಿ. ವರ್ಷದ ಹಣ ಒಟ್ಟಿಗೆ ಕೊಡಬಾರದು. ಮೂರು ತಿಂಗಳು ತಿಂಗಳು ತಿಂಗಳಾಗಿ ಕೊಟ್ಟು, ಪುಸ್ತಕದ ಲೆಕ್ಕ ನೋಡಿ ಮುಂದುವರಿಸಬಹುದು.

ಆನ್‌ಲೈನ್‌ನಲ್ಲಿ ಹಣ ಕಟ್ಟಿಸಿಕೊಂಡು ಮೋಸ ಮಾಡಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗಾಗಲೇ ಏಜೆಂಟ್ ಇಟ್ಟುಕೊಂಡವರು ಇವತ್ತೇ ಒಂದು ಕೆಲಸ ಮಾಡಬಹುದು. ತಮ್ಮ ಪೇಜ್ ಮತ್ತು ಗೂಗಲ್ ಪ್ರೊಫೈಲ್ ತೆರೆದು ಓನರ್ ಜಾಗದಲ್ಲಿ ಯಾರ ಹೆಸರಿದೆ ಎಂದು ನೋಡಬೇಕು. ಬೇರೆಯವರ ಹೆಸರಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳುವುದು ಸುಲಭ. ಜಗಳವಾದ ಮೇಲೆ ಬಹಳ ಕಷ್ಟ.