ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳು

ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳು ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿರುವ ಬಂಡೆಗಲ್ಲಿನ ಬರಹಗಳು. ಕ್ರಿ.ಪೂ. 3ನೆಯ ಶತಮಾನದ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆಗಲ್ಲು ಶಾಸನಗಳ ಗುಂಪಿಗೆ ಇವು ಸೇರುತ್ತವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬೌದ್ಧ ಉಪಾಸಕನಾಗಿ ತನ್ನ ಅನುಭವವನ್ನು ಅರಸನು ಸ್ವತಃ ಹೇಳಿಕೊಂಡಿರುವ ಈ ಬರಹಗಳು ಕರ್ನಾಟಕದ ಅತ್ಯಂತ ಹಳೆಯ ಬೌದ್ಧ ಸಂಬಂಧಿ ದಾಖಲೆಗಳ ಸಾಲಿನಲ್ಲಿ ನಿಲ್ಲುತ್ತವೆ. ಇಂದು ಈ ಸ್ಥಳಗಳಲ್ಲಿ ಪೂಜೆ ನಡೆಯುವ ಬೌದ್ಧ ದೇವಾಲಯವಿಲ್ಲ. ನೋಡಲು ಉಳಿದಿರುವುದು ಬಂಡೆ, ಅಕ್ಷರ ಮತ್ತು ಪ್ರಾಚೀನ ನೆಲೆಯ ಅವಶೇಷಗಳು.

ಸ್ಥಾನ

ಮೂರೂ ಶಾಸನಗಳು ತಾಲ್ಲೂಕಿನ ಉತ್ತರ ಭಾಗದಲ್ಲಿ, ಆಂಧ್ರ ಪ್ರದೇಶದ ಗಡಿಗೆ ಸಮೀಪದ ಬಯಲುಸೀಮೆಯಲ್ಲಿವೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿರುವ ರಾಂಪುರ ಈ ಭಾಗದ ಮುಖ್ಯ ಊರುಗಳಲ್ಲೊಂದು. ಬ್ರಹ್ಮಗಿರಿಯು ಒಣ ಬಯಲಿನ ನಡುವೆ ಎದ್ದು ನಿಂತ ಕಣಶಿಲೆಯ ಬೆಟ್ಟ. ಅದರ ಬುಡದ ಬಂಡೆಯೊಂದರ ಮೇಲೆ ಮೊದಲ ಶಾಸನವಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಸಿದ್ದಾಪುರದ ಶಾಸನವಿದೆ. ಈ ಕಾರಣದಿಂದ ಊರಿಗೆ ಅಶೋಕ ಸಿದ್ದಾಪುರ ಎಂಬ ಹೆಸರು ರೂಢಿಯಾಗಿದೆ. ಮೂರನೆಯದು ಕೆಲವು ಕಿಲೋಮೀಟರ್ ಆಚೆಗಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿದೆ.

ಪತ್ತೆ

ಮೈಸೂರು ಸಂಸ್ಥಾನದಲ್ಲಿ ಶಾಸನಗಳ ಸಂಗ್ರಹ ಕಾರ್ಯ ನಡೆಸುತ್ತಿದ್ದ ಬಿ. ಎಲ್. ರೈಸ್ ಅವರು 1892ರಲ್ಲಿ ಈ ಮೂರನ್ನೂ ಬೆಳಕಿಗೆ ತಂದರು. ಅದುವರೆಗೆ ರೂಪನಾಥ, ಸಹಸ್ರಾಮ, ಬೈರಾಟ್ ಮೊದಲಾದ ಉತ್ತರದ ಸ್ಥಳಗಳಲ್ಲಿ ಮಾತ್ರ ಕಿರು ಬಂಡೆಗಲ್ಲು ಶಾಸನಗಳು ತಿಳಿದಿದ್ದವು. ಮೌರ್ಯರ ಆಡಳಿತವು ಕನ್ನಡ ನಾಡಿನ ಒಳಭಾಗದವರೆಗೆ ಹಬ್ಬಿತ್ತೆಂಬುದಕ್ಕೆ ಈ ಶೋಧದಿಂದ ನೇರ ಸಾಕ್ಷ್ಯ ದೊರೆಯಿತು. ಮುಂದೆ 1915ರಲ್ಲಿ ಮಸ್ಕಿ, 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, 1970ರ ದಶಕದಲ್ಲಿ ನಿಟ್ಟೂರು ಮತ್ತು ಉಡೇಗೋಳ, 1989ರಲ್ಲಿ ಸನ್ನತಿಯ ಶಾಸನಗಳು ಪತ್ತೆಯಾದವು. ಬ್ರಹ್ಮಗಿರಿಯ ಬರಹದಲ್ಲಿ ಅರಸನನ್ನು 'ದೇವಾನಂಪಿಯ' ಎಂಬ ಬಿರುದಿನಿಂದ ಮಾತ್ರ ಕರೆಯಲಾಗಿದೆ. ಆ ಬಿರುದಿನೊಡನೆ 'ಅಶೋಕ' ಎಂಬ ಹೆಸರು ಶಾಸನದಲ್ಲಿ ಮೊದಲಿಗೆ ಕಂಡದ್ದು ಮಸ್ಕಿಯಲ್ಲಿ.

ಶಾಸನಗಳ ವಿಷಯ

ಬ್ರಹ್ಮಗಿರಿಯ ಶಾಸನವು 13 ಸಾಲುಗಳದ್ದು. ಮೂರರಲ್ಲಿ ಇದೇ ಹೆಚ್ಚು ಸುಸ್ಥಿತಿಯಲ್ಲಿದೆ. ಸಿದ್ದಾಪುರದ ಬರಹದಲ್ಲಿ ಅಲ್ಲಲ್ಲಿ ಅಕ್ಷರಗಳು ಅಳಿದಿವೆ. ಜಟಿಂಗ ರಾಮೇಶ್ವರದ್ದು ಬಹುಮಟ್ಟಿಗೆ ಸವೆದಿದೆ. ಆದ್ದರಿಂದ ಉಳಿದೆರಡರ ಪಾಠವನ್ನು ಬ್ರಹ್ಮಗಿರಿಯ ಪಾಠದ ನೆರವಿನಿಂದ ಓದಲಾಗುತ್ತದೆ.

ಪಠ್ಯದಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಅರಸನು ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದೂ, ಮೊದಲು ಒಂದು ವರ್ಷ ಸಾಕಷ್ಟು ಶ್ರಮಿಸಲಿಲ್ಲವೆಂದೂ, ಸಂಘದ ಸಾಮೀಪ್ಯಕ್ಕೆ ಬಂದ ಮೇಲೆ ಹೆಚ್ಚು ಉತ್ಸಾಹದಿಂದ ನಡೆದುಕೊಂಡೆನೆಂದೂ ತಿಳಿಸುತ್ತಾನೆ. ಇಂಥ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಅವನ ಮುಖ್ಯ ಸಂದೇಶ. ಕೊನೆಯಲ್ಲಿ ಬರುವ 256 ಎಂಬ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬ್ಯೂಲರ್ ಅದನ್ನು ಬುದ್ಧನ ನಿರ್ವಾಣದ ನಂತರದ ವರ್ಷಗಳೆಂದು ಅರ್ಥೈಸಿದರು. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂಬ ಅಭಿಪ್ರಾಯ ನಂತರ ಬಲಗೊಂಡಿತು.

ಎರಡನೆಯ ಭಾಗ ಸಾಮಾನ್ಯ ಜನರ ನಡವಳಿಕೆಗೆ ಸಂಬಂಧಿಸಿದ್ದು. ತಂದೆತಾಯಿಯರ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯರು ಗುರುವನ್ನು ಗೌರವಿಸುವುದು, ಬಂಧುಗಳೊಡನೆ ಯೋಗ್ಯವಾಗಿ ನಡೆದುಕೊಳ್ಳುವುದು ಇಲ್ಲಿನ ಉಪದೇಶಗಳು. ಈ ಎರಡನೆಯ ಭಾಗವು ಕರ್ನಾಟಕ ಮತ್ತು ಆಂಧ್ರ ಪ್ರದೇಶದ ಶಾಸನಗಳಲ್ಲಿ ಮಾತ್ರ ಕಂಡುಬಂದಿದೆ.

ಶಾಸನ ಬರೆದವನ ಹೆಸರು ಚಪಡ. ಅವನು ತನ್ನನ್ನು ಸೂಚಿಸುವ 'ಲಿಪಿಕರ' ಎಂಬ ಪದವನ್ನು ಬ್ರಾಹ್ಮಿಯ ಬದಲು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರ ಮೊದಲಾದ ವಾಯವ್ಯ ಪ್ರದೇಶಗಳ ಲಿಪಿಯಾದ್ದರಿಂದ ಅವನು ಆ ಭಾಗದವನಿರಬೇಕು ಅಥವಾ ಅಲ್ಲಿ ಕೆಲಸ ಮಾಡಿದವನಿರಬೇಕು ಎಂದು ಊಹಿಸಲಾಗಿದೆ.

ಇಸಿಲ ಪಟ್ಟಣ

ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳ ಪೀಠಿಕೆಯಂತೆ, ಈ ಆಜ್ಞೆಯನ್ನು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಸಮಾಚಾರ ವಿಚಾರಿಸಿ ಕಳುಹಿಸಿದ್ದಾರೆ. ಇಸಿಲವನ್ನು ಬ್ರಹ್ಮಗಿರಿಯ ತಪ್ಪಲಿನ ಪ್ರಾಚೀನ ನೆಲೆಯೊಂದಿಗೆ ಗುರುತಿಸಲಾಗಿದೆ. ಈ ಸ್ಥಳನಾಮವು ಬಾಣ ಬಿಡುವುದು ಎಂಬ ಅರ್ಥದ ಕನ್ನಡ ಧಾತುವಿಗೆ ಸಂಬಂಧಿಸಿದ್ದೆಂದು ಡಿ. ಎಲ್. ನರಸಿಂಹಾಚಾರ್ ಅಭಿಪ್ರಾಯಪಟ್ಟಿದ್ದಾರೆ. ಇದನ್ನು ಒಪ್ಪಿದರೆ ಬರಹದಲ್ಲಿ ದೊರೆತ ಅತಿ ಹಳೆಯ ಕನ್ನಡ ಪದಗಳಲ್ಲಿ ಇಸಿಲವೂ ಒಂದಾಗುತ್ತದೆ.

ಉತ್ಖನನ

ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1940ರ ಸುಮಾರಿನಲ್ಲಿ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಇಲ್ಲಿಯೂ ಚಿತ್ರದುರ್ಗ ಸಮೀಪದ ಚಂದ್ರವಳ್ಳಿಯಲ್ಲಿಯೂ ಉತ್ಖನನ ಕೈಗೊಂಡರು. ನಯಗೊಳಿಸಿದ ಕಲ್ಲುಕೊಡಲಿಗಳ ಸಂಸ್ಕೃತಿ, ಕಬ್ಬಿಣ ಬಳಸಿದ ಬೃಹತ್ ಶಿಲಾ ಸಂಸ್ಕೃತಿ ಮತ್ತು ಆದಿ ಐತಿಹಾಸಿಕ ಕಾಲದ ಸಂಸ್ಕೃತಿ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು. ದಕ್ಷಿಣ ಭಾರತದ ಪ್ರಾಗಿತಿಹಾಸದ ಕಾಲಾನುಕ್ರಮಕ್ಕೆ ಈ ಅಗೆತ ಬಹುಕಾಲ ಅಳತೆಗೋಲಾಗಿತ್ತು.

ಬ್ರಹ್ಮಗಿರಿಯಲ್ಲಿ ಗಜಪೃಷ್ಠಾಕಾರದ ಇಟ್ಟಿಗೆ ಕಟ್ಟಡವೊಂದರ ತಳಪಾಯವೂ ಕಂಡುಬಂದಿದ್ದು, ಅದನ್ನು ಬೌದ್ಧ ಚೈತ್ಯವೆಂದು ಭಾವಿಸಲಾಗಿದೆ. ಕರ್ನಾಟಕದ ಬೇರೆಡೆ ಬೌದ್ಧ ಆರಾಧನೆ ಇನ್ನೂ ಅನೇಕ ಶತಮಾನಗಳ ಕಾಲ ಮುಂದುವರಿದುದಕ್ಕೆ ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹ (ಕ್ರಿ.ಶ. 968), ಬಳ್ಳಿಗಾವೆಯ ವಿಹಾರದ ಶಾಸನ (1065) ಮತ್ತು ಡಂಬಳದ ಶಾಸನ (1095) ಸಾಕ್ಷಿಯಾಗಿವೆ. ಇಂದಿನ ಬೈಲುಕುಪ್ಪೆಯ ಟಿಬೆಟನ್ ವಿಹಾರಗಳೂ 1956ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಹಾಬೋಧಿ ಸೊಸೈಟಿಯೂ ಆ ಪರಂಪರೆಯ ಮುಂದುವರಿಕೆಯಲ್ಲ, 20ನೆಯ ಶತಮಾನದ ಹೊಸ ಆರಂಭ.

ಸ್ಥಳೀಯ ಹೆಸರುಗಳು ಮತ್ತು ಸವೆತ

ಬರಹವನ್ನು ಓದುವವರು ಇಲ್ಲವಾದ ಮೇಲೂ ಈ ಬಂಡೆಗಳು ಸುತ್ತಲಿನ ಜನರ ಬದುಕಿನಿಂದ ದೂರವಾಗಲಿಲ್ಲ. ಬ್ರಹ್ಮಗಿರಿಯ ಬಂಡೆಗೆ 'ಅಕ್ಷರ ಗುಂಡು' ಎಂಬ ಹೆಸರಿತ್ತು. ಅದನ್ನು ತೊಳೆದ ನೀರಿಗೆ ರೋಗ ಗುಣಪಡಿಸುವ ಶಕ್ತಿಯಿದೆಯೆಂದು ಜನ ನಂಬಿದ್ದರು. ಸಿದ್ದಾಪುರದ ಬಂಡೆಗಳಿಗೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರು ಅಂಟಿಕೊಂಡಿತ್ತು.

ಜಟಿಂಗ ರಾಮೇಶ್ವರ ಬೆಟ್ಟವು ರಾಮಾಯಣದ ಜಟಾಯು ಬಿದ್ದ ಸ್ಥಳವೆಂಬ ಐತಿಹ್ಯವಿದ್ದು, ಅಲ್ಲಿನ ರಾಮೇಶ್ವರ ದೇವಾಲಯ ಇಂದಿಗೂ ಯಾತ್ರಾಸ್ಥಳ. ದೇವಾಲಯದ ಮೆಟ್ಟಿಲುಗಳ ಬಳಿಯ ಶಾಸನ ಬಂಡೆಗೆ 'ಬಳೆಗಾರ ಗುಂಡು' ಎಂದು ಹೆಸರು. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಬಳೆಗಾರರು ಇದರ ಮೇಲೆ ಅಂಗಡಿ ಹೂಡುತ್ತಿದ್ದುದೇ ಈ ಹೆಸರಿಗೆ ಕಾರಣ. ಹೆಚ್ಚು ಜನ ಬಂದು ಹೋದ ಈ ಬಂಡೆಯ ಬರಹವೇ ಮೂರರಲ್ಲಿ ಹೆಚ್ಚು ಅಳಿದಿರುವುದು ಗಮನಾರ್ಹ.

ಸಂರಕ್ಷಣೆ ಮತ್ತು ಭೇಟಿ

ಮೂರು ಶಾಸನಗಳೂ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳಾಗಿ ರಕ್ಷಿತವಾಗಿವೆ. ಕಾಯ್ದೆಯ 2010ರ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಡ ಕಾರ್ಯಕ್ಕೆ ಅನುಮತಿ ಅಗತ್ಯ. ಬ್ರಹ್ಮಗಿರಿಯ ಶಾಸನಕ್ಕೆ ಮಳೆ ಬಿಸಿಲು ತಾಗದಂತೆ ಚಾವಣಿಯ ರಕ್ಷಣೆ ಒದಗಿಸಲಾಗಿದೆ.

ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳನ್ನು ಒಟ್ಟಿಗೆ ನೋಡಬಹುದು. ಜಟಿಂಗ ರಾಮೇಶ್ವರಕ್ಕೆ ಬೆಟ್ಟ ಹತ್ತಬೇಕಾದ್ದರಿಂದ ಹೆಚ್ಚು ಸಮಯ ಬೇಕು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ತೀವ್ರ. ಅಕ್ಷರಗಳು ಆಳವಿಲ್ಲದ ಕಾರಣ ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಹಚ್ಚುವುದು, ನೀರು ಸುರಿಯುವುದು, ಬಂಡೆಯ ಮೇಲೆ ಕೂರುವುದು ಬರಹಕ್ಕೆ ಹಾನಿಕರ. ಬ್ರಹ್ಮಗಿರಿಯ ಪಾಠ ಅಳಿದರೆ ಉಳಿದೆರಡು ಶಾಸನಗಳ ಲೋಪಗಳನ್ನು ಹೋಲಿಸಿ ನೋಡಲು ಹತ್ತಿರದ ಮೂಲವೇ ಇಲ್ಲವಾಗುತ್ತದೆ.